ಪಾದರಸದ ಹನಿಯಿಂದ ಲೋಹವನ್ನು ಅಳೆದ ಹೆಯ್ರೋವ್‌ಸ್ಕಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರಿಗೆ ಸವಳು ನೀರಿನ ಬಾವಿ ಹೊಸದೇನಲ್ಲ. ಅಂತಹ ನೀರಿನ ಉಪ್ಪು ನಾಲಿಗೆಗೆ ತಿಳಿಯುತ್ತದೆ. ಆದರೆ ಅದರಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಅಲ್ಪ ಪ್ರಮಾಣದಲ್ಲಿ ಬೆರೆತಿದ್ದರೆ ನಾಲಿಗೆಗೂ ತಿಳಿಯದು, ಕಣ್ಣಿಗೂ ಕಾಣದು. ಉಪ್ಪಿನ ರಾಶಿಯಲ್ಲಿ ಅಡಗಿದ ಲೋಹದ ಅಯಾನುಗಳನ್ನು ವಿದ್ಯುತ್ತಿನ ನೆರವಿನಿಂದ ಗುರುತಿಸಿ ಅಳೆಯುವ ಮಾರ್ಗವನ್ನು ತೋರಿಸಿಕೊಟ್ಟವರು ಚೆಕ್ ವಿಜ್ಞಾನಿ ಯಾರೊಸ್ಲಾವ್ ಹೆಯ್ರೋವ್‌ಸ್ಕಿ.

ಅವರು ಜನಿಸಿದ್ದು 1890ರ ಡಿಸೆಂಬರ್ 20ರಂದು, ಪ್ರಾಗ್ ನಗರದಲ್ಲಿ. ತಂದೆ ರೋಮನ್ ಕಾನೂನಿನ ಪ್ರಾಧ್ಯಾಪಕರು. ಮಗ ಒಲಿದದ್ದು ರಸಾಯನಶಾಸ್ತ್ರಕ್ಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1913ರಲ್ಲಿ ಪದವಿ ಪಡೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. 1918ರಲ್ಲಿ ಡಾಕ್ಟರೇಟ್ ಪರೀಕ್ಷೆಗೆ ಹಾಜರಾದಾಗ ಪರೀಕ್ಷಕರಾಗಿದ್ದ ಭೌತವಿಜ್ಞಾನಿ ಬೊಹುಮಿಲ್ ಕುಚೆರಾ, ಸಣ್ಣ ಗಾಜಿನ ನಳಿಕೆಯಿಂದ ತೊಟ್ಟಿಕ್ಕುವ ಪಾದರಸದ ಹನಿಗಳ ಅಧ್ಯಯನದತ್ತ ಅವರ ಗಮನ ಸೆಳೆದರು. ಕುಚೆರಾ 1921ರಲ್ಲಿ ನಿಧನರಾದರು. ತಾವು ತೋರಿದ ದಾರಿ ಎಲ್ಲಿಗೆ ಮುಟ್ಟಿತೆಂಬುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಮರುವರ್ಷ ಫೆಬ್ರುವರಿ 10ರಂದು ಹೆಯ್ರೋವ್‌ಸ್ಕಿ ಆ ಹನಿಗಳ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದರು. ಪೋಲರೋಗ್ರಫಿ ಹುಟ್ಟಿದ್ದು ಹಾಗೆ.

ವಿಧಾನದ ಒಳಗುಟ್ಟು ಸರಳವಾದುದೇ. ಕೆಲವೇ ಸೆಕೆಂಡುಗಳಿಗೊಮ್ಮೆ ಹನಿ ಕಳಚಿ ಹೊಸ ಹನಿ ಮೂಡುವುದರಿಂದ ವಿದ್ಯುದ್ವಾರದ ಮೈ ಸದಾ ಶುಭ್ರ. ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಹೋದಂತೆ ಪ್ರತಿ ಲೋಹವೂ ತನ್ನದೇ ಆದ ಹಂತದಲ್ಲಿ ಹನಿಯನ್ನು ಸೇರುತ್ತದೆ, ಆಗ ವಿದ್ಯುತ್ ಪ್ರವಾಹ ಅಲೆಯಂತೆ ಏರುತ್ತದೆ. ಅಲೆ ಎಲ್ಲಿ ಎದ್ದಿತೆಂಬುದು ಲೋಹದ ಹೆಸರನ್ನು ತಿಳಿಸಿದರೆ, ಎಷ್ಟು ಎತ್ತರ ಎದ್ದಿತೆಂಬುದು ಅದರ ಪ್ರಮಾಣವನ್ನು ತಿಳಿಸುತ್ತದೆ. ಇಲ್ಲಿ ಉಪ್ಪು ಅಡ್ಡಿಯಲ್ಲ ಎಂಬುದೇ ವಿಶೇಷ. ದ್ರಾವಣದಲ್ಲಿ ಉಪ್ಪು ಹೇರಳವಾಗಿದ್ದರೆ ವಿದ್ಯುತ್ ಸೆಳೆತದ ಹೊರೆಯನ್ನೆಲ್ಲ ಅದೇ ಹೊರುತ್ತದೆ. ಲೋಹದ ಅಯಾನು ಕೇವಲ ವಿಸರಣೆಯಿಂದ ಹನಿಯನ್ನು ತಲುಪುತ್ತದೆ, ಲೆಕ್ಕ ತಪ್ಪುವುದಿಲ್ಲ. ಆದ್ದರಿಂದಲೇ ಸಿಹಿನೀರಿನ ಮಾದರಿಗೂ ಪ್ರಯೋಗಾಲಯದಲ್ಲಿ ಉದ್ದೇಶಪೂರ್ವಕವಾಗಿ ಉಪ್ಪು ಬೆರೆಸುತ್ತಾರೆ. ಈ ಲೆಕ್ಕಕ್ಕೆ 1934ರಲ್ಲಿ ಸಮೀಕರಣ ಕೊಟ್ಟವರು ಅವರ ಸಹೋದ್ಯೋಗಿ ಡಿಯೊನೀಜ್ ಇಲ್ಕೋವಿಚ್. ಅದಕ್ಕೂ ಮೊದಲೇ, 1924ರಲ್ಲಿ, ಜಪಾನಿನ ಮಸುಜೊ ಶಿಕಾತಾ ಜೊತೆಗೂಡಿ ಹೆಯ್ರೋವ್‌ಸ್ಕಿ ಅಲೆಯನ್ನು ತಾನೇ ದಾಖಲಿಸುವ ಯಂತ್ರವನ್ನು ರೂಪಿಸಿದ್ದರು.

1939ರ ನವೆಂಬರಿನಲ್ಲಿ ನಾಜಿಗಳು ಚೆಕ್ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿಸಿದರು. ನಾಜಿ ವಿರೋಧಿಯಾಗಿದ್ದ ಜರ್ಮನ್ ಪ್ರಾಧ್ಯಾಪಕ ಬೋಮ್ ಅವರ ನೆರವಿನಿಂದ ಹೆಯ್ರೋವ್‌ಸ್ಕಿ ಸಂಶೋಧನೆ ಮುಂದುವರಿಯಿತು. ಯುದ್ಧಾನಂತರ, 1950ರಲ್ಲಿ, ಪ್ರಾಗ್‌ನಲ್ಲಿ ಪೋಲರೋಗ್ರಫಿಗೆ ಪ್ರತ್ಯೇಕ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1955ರಲ್ಲಿ ಅವರಿಗೆ ಗೌರವ ಸದಸ್ಯತ್ವ ನೀಡಿತು. ನೊಬೆಲ್ ಸಮಿತಿ ಮಣಿದದ್ದು 1959ರಲ್ಲಿ, ಶೋಧ ನಡೆದು 37 ವರ್ಷಗಳ ನಂತರ. ಕರ್ನಾಟಕದ ಅಕಾಡೆಮಿಯ ಗೌರವ ಅದಕ್ಕಿಂತ ನಾಲ್ಕು ವರ್ಷ ಮುಂಚಿನದು ಎಂಬುದನ್ನು ಇಲ್ಲಿ ನೆನೆಯಬೇಕು.

ಹೆಯ್ರೋವ್‌ಸ್ಕಿ 1967ರ ಮಾರ್ಚ್ 27ರಂದು ಪ್ರಾಗ್‌ನಲ್ಲಿ ನಿಧನರಾದರು. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕ ವಿಧಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸೂಕ್ಷ್ಮ ಪ್ರಮಾಣಕ್ಕೆ ಅವರ ಮೂಲ ವಿಧಾನ ಸಾಲದು. ಲೋಹವನ್ನು ಮೊದಲು ವಿದ್ಯುದ್ವಾರದಲ್ಲಿ ಸಂಗ್ರಹಿಸಿ, ಬಳಿಕ ಕರಗಿಸಿ ಅಳೆಯುವ ಅದರ ಸಂತತಿಯ ವಿಧಾನಗಳು ಆ ಕೆಲಸ ಮಾಡುತ್ತವೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತವೂ 2018ರಲ್ಲಿ ಅನುಮೋದಿಸಿದೆ. ಈಗ ಹಲವೆಡೆ ಹನಿಯ ಜಾಗದಲ್ಲಿ ಬಿಸ್ಮತ್ ಲೇಪಿತ ವಿದ್ಯುದ್ವಾರಗಳಿವೆ.