ಹನಿ ಎಣಿಸಿ ಹಾಕಿದ ನರ್ಸ್

ಅರೋಮಾಥೆರಪಿ ಎಂದರೆ ಪುಣೆಯಲ್ಲಿ ನಮ್ಮಂಥ ಐಟಿಯವರಿಗೆ ನೆನಪಾಗುವುದು ಮಾಲ್‌ಗಳಲ್ಲಿರುವ ದುಬಾರಿ ಸ್ಪಾ. ಆ ಮಸಾಜಿಗೆ ದಾರಿ ಹಾಕಿಕೊಟ್ಟ ಮಾರ್ಗರಿತ್ ಮೌರಿ ಎಂಬ ನರ್ಸ್‌ ಬದುಕನ್ನು ಓದಿದ ಮೇಲೆ ನನಗೆ ಅದು ಬರೀ ಶೋಕಿಯಾಗಿ ಕಾಣುತ್ತಿಲ್ಲ.

ಮಾರ್ಗರಿತ್ ಹುಟ್ಟಿದ್ದು 1895ರಲ್ಲಿ, ಆಸ್ಟ್ರಿಯಾದಲ್ಲಿ. ಚಿಕ್ಕ ವಯಸ್ಸಿಗೇ ಮದುವೆಯಾಯಿತು. ಎಳೆಯ ಮಗ ಮೆನಿಂಜೈಟಿಸ್‌ನಿಂದ ತೀರಿಕೊಂಡ. ಗಂಡ ಮೊದಲ ಮಹಾಯುದ್ಧದಲ್ಲಿ ಮಡಿದ. ಒಂಟಿಯಾದ ಆಕೆ ನರ್ಸಿಂಗ್ ಕಲಿತು, ಫ್ರಾನ್ಸಿಗೆ ಹೋಗಿ ಶಸ್ತ್ರಚಿಕಿತ್ಸಕರ ಸಹಾಯಕಿಯಾದರು. ಮುಂದೆ ಹೋಮಿಯೋಪಥಿ ವೈದ್ಯ ಡಾ. ಮೌರಿ ಅವರನ್ನು ಮದುವೆಯಾದರು.

ಅರೋಮಾಥೆರಪಿ ಎಂಬ ಹೆಸರಿನಲ್ಲಿ 1937ರಲ್ಲಿ ಪುಸ್ತಕ ಬರೆದವರು ಫ್ರೆಂಚ್ ರಸಾಯನಶಾಸ್ತ್ರಜ್ಞ ಗಾಟ್‌ಫೊಸ್ಸೆ. ಗಾಯ, ಸೋಂಕುಗಳಿಗೆ ಸುಗಂಧ ತೈಲ ಬಳಸುವುದು ಅವರ ಆಸಕ್ತಿ. ಮೌರಿ ಹಿಡಿದದ್ದು ಬೇರೆ ದಾರಿ. ಸುಗಂಧ ತೈಲವನ್ನು ಹಾಗೇ ಹಚ್ಚಿದರೆ ಚರ್ಮ ಉರಿಯಬಹುದು, ಪರಿಮಳವೂ ಬೇಗ ಹಾರಿಹೋಗುತ್ತದೆ. ನೀರಿನಲ್ಲಿ ಅದು ಬೆರೆಯುವುದಿಲ್ಲ. ಆಕೆ ಅದರ ಕೆಲವೇ ಹನಿಗಳನ್ನು ಸಸ್ಯದ ಎಣ್ಣೆಗೆ ಬೆರೆಸಿ, ಬೆನ್ನುಹುರಿಯ ಎರಡೂ ಬದಿಗೆ ತಿಕ್ಕುವ ವಿಧಾನ ರೂಪಿಸಿದರು. ಎಲ್ಲರಿಗೂ ಒಂದೇ ಮಿಶ್ರಣವಲ್ಲ. ಎದುರು ಕೂತವರ ಮೈ, ಮನಸ್ಸು ನೋಡಿ ಬೇರೆ ಬೇರೆ. ಎಲ್ಲರಿಗೂ ಒಂದೇ ಡಿಫಾಲ್ಟ್ ಸೆಟ್ಟಿಂಗ್ ಕೊಟ್ಟು ಮುಗಿಸುವ ನಮ್ಮ ವೃತ್ತಿಯವರು ಇದನ್ನು ಗಮನಿಸಬೇಕು ಅನಿಸಿತು.

1961ರಲ್ಲಿ ಫ್ರೆಂಚಿನಲ್ಲಿ ಬಂದ ಅವರ ಪುಸ್ತಕ 1964ರಲ್ಲಿ ಇಂಗ್ಲಿಷಿಗೂ ಬಂತು. ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್‌ಗಳಲ್ಲಿ ಕ್ಲಿನಿಕ್ ನಡೆಸಿದ ಆಕೆ 1968ರಲ್ಲಿ ತೀರಿಕೊಂಡರು. ಇದರಿಂದ ತಾರುಣ್ಯ ಉಳಿಯುತ್ತದೆಂಬ ಅವರ ನಂಬಿಕೆಗೆ ಗಟ್ಟಿ ಪುರಾವೆ ಇಲ್ಲ. ಆದರೆ ಹನಿ ಎಣಿಸಿ ಎಣ್ಣೆಗೆ ಬೆರೆಸುವ ಶಿಸ್ತು ಮಾತ್ರ ಉಳಿದುಕೊಂಡಿದೆ.

ಹೀಗೆ ಪರಿಮಳವನ್ನು ಹೊತ್ತೊಯ್ಯುವ ಎಣ್ಣೆಯಾಗಿ ಇಂದು ಹಲವರು ಬಳಸುವುದು ದ್ರಾಕ್ಷಿ ಬೀಜದ ಎಣ್ಣೆ. ವೈನ್ ತಯಾರಿಸಿದ ಮೇಲೆ ಉಳಿಯುವ ಬೀಜದಿಂದ ತೆಗೆಯುತ್ತಾರೆ. ನಮ್ಮ ವಿಜಯಪುರದ ಒಣದ್ರಾಕ್ಷಿಯಲ್ಲಿ ಬೀಜವೇ ಇರುವುದಿಲ್ಲವಲ್ಲ, ಅದರಿಂದ ಇದು ಬರುವುದಿಲ್ಲ. ಈ ಎಣ್ಣೆ ತೆಳು, ಜಿಡ್ಡು ಕಡಿಮೆ. ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಬೆರೆಸಿದ ಪರಿಮಳವನ್ನು ಮುಚ್ಚುವುದಿಲ್ಲ. ಇದರಲ್ಲಿ 60 ಪ್ರತಿಶತಕ್ಕೂ ಹೆಚ್ಚು ಲಿನೋಲಿಯಿಕ್ ಆಮ್ಲವಿರುತ್ತದೆ. ಆ ಕಾರಣಕ್ಕೇ ಬೇಗ ಕಮಟುತ್ತದೆ ಕೂಡ. ಚಿಕ್ಕ ಬಾಟಲಿ ತಂದು ತಂಪಾದ, ಕತ್ತಲ ಜಾಗದಲ್ಲಿಡುವುದು ಒಳ್ಳೆಯದು.

30 ಮಿ.ಲೀ. ಎಣ್ಣೆಗೆ ಸುಮಾರು 12 ಹನಿ ಸುಗಂಧ ತೈಲ ಹಾಕಿದರೆ 2 ಪ್ರತಿಶತದ ಮಿಶ್ರಣವಾಗುತ್ತದೆ. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಬೇಕು.

ಊರಲ್ಲಿ ಹಬ್ಬದ ಹಿಂದಿನ ದಿನ ಬೆನ್ನಿಗೆ ಎಣ್ಣೆ ತಿಕ್ಕುವ ಕೈಗಳಿರುತ್ತವೆ. ಹೊರನಾಡಿನ ಒಂಟಿ ಫ್ಲ್ಯಾಟಿನಲ್ಲಿ ಅದು ಸಿಗುವುದಿಲ್ಲ. ತನ್ನವರನ್ನೆಲ್ಲ ಕಳೆದುಕೊಂಡು ಪರದೇಶ ಸೇರಿದ ಹೆಣ್ಣುಮಗಳೊಬ್ಬಳು ಗುರುತಿಲ್ಲದವರ ಬೆನ್ನು ತಿಕ್ಕುತ್ತಾ ಬದುಕು ಕಟ್ಟಿಕೊಂಡದ್ದು ಯಾಕೆ ಎಂದು ಹೊರನಾಡಿನ ನಮಗೆ ಬಿಡಿಸಿ ಹೇಳಬೇಕಿಲ್ಲ.