ಆಲ್‌ಫ್ರೆಡ್ ನೊಬೆಲ್

ಹಳೆಯ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆಗಳನ್ನು ಸೀಳಿದ ಡೈನಮೈಟಿನ ಹಿಂದೆ ಒಂದು ಮನೆತನದ ಶೋಕವಡಗಿದೆ.

ಆಲ್‌ಫ್ರೆಡ್ ನೊಬೆಲರು 1833ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದರು. ನೈಟ್ರೋಗ್ಲಿಸರಿನ್ ದ್ರವವು ಅಲ್ಪ ಆಘಾತಕ್ಕೂ ಸಿಡಿಯುವಂಥದು. 1864ರ ಸೆಪ್ಟೆಂಬರ್ 3ರಂದು ಅವರ ಕಾರ್ಯಾಗಾರವೇ ಸಿಡಿದು, ತಮ್ಮನಾದ ಎಮಿಲನೂ ಸೇರಿದಂತೆ ಹಲವರು ಮಡಿದರು. ನಗರದೊಳಗೆ ಪ್ರಯೋಗವು ನಿಷಿದ್ಧವಾಗಲು, ಸರೋವರದಲ್ಲಿ ನಿಲ್ಲಿಸಿದ ದೋಣಿಯ ಮೇಲೆ ಅವರು ಕಾರ್ಯವನ್ನು ಮುಂದುವರಿಸಿದರು. ದ್ರವವನ್ನು ಕೀಸೆಲ್‌ಗೂರ್ ಎಂಬ ಸರಂಧ್ರ ಮಣ್ಣಿಗೆ ಹೀರಿಸಿದಾಗ ಅದರ ಉಗ್ರತೆಯು ಅಂಕೆಗೊಳಪಟ್ಟಿತು. ಅದೇ ಡೈನಮೈಟ್.

ಆದರೆ ಜನರ ಭೀತಿಯು ಬರಿಯ ಮಾತಿನಿಂದ ನೀಗುವಂತಿರಲಿಲ್ಲ. 1867ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಮರ್ಸ್‌ಟಮ್ ಕಲ್ಲುಗಣಿಯಲ್ಲಿ ನೊಬೆಲರು ಬಹಿರಂಗ ಪರೀಕ್ಷೆಗೆ ನಿಂತರು. ಡೈನಮೈಟನ್ನು ಬೆಂಕಿಗೊಡ್ಡಿದರು, ಸಿಡಿಯಲಿಲ್ಲ. ಸುಮಾರು 60 ಅಡಿ ಎತ್ತರದಿಂದ ಬಂಡೆಯ ಮೇಲೆ ಕೆಡವಿದರು; ಆಗಲೂ ಸಿಡಿಯಲಿಲ್ಲ. ಡಿಟೊನೇಟರನ್ನು ಜೋಡಿಸಿ ಕಿಡಿ ಹಚ್ಚಿದಾಗ ಮಾತ್ರ ಅದು ಗುಡುಗಿತು. ಕಾಪಾಡುವ ಗುಣ, ಸಿಡಿಯುವ ಗುಣ ಎರಡೂ ಕಣ್ಣೆದುರೇ ಸಿದ್ಧವಾದುವು.

ಆ ಶಕ್ತಿಯು ಯುದ್ಧಕ್ಕೂ ಒದಗಿತೆಂಬುದು ನಿಜ. ಆದರೂ 1896ರಲ್ಲಿ ನಿಧನರಾದ ನೊಬೆಲರು ತಮ್ಮ ಸಂಪತ್ತಿನ ಬಹುಭಾಗವನ್ನು ಲೋಕಹಿತಕ್ಕೆ ಮೀಸಲಿಟ್ಟಿದ್ದರು. 1930ರಲ್ಲಿ ಸರ್ ಸಿ. ವಿ. ರಾಮನ್ನರಿಗೆ ಸಂದ ಪಾರಿತೋಷಿಕವು ಆ ನಿಧಿಯದೇ. ಪ್ರಯೋಗಶಾಲೆಯಲ್ಲಿ ಎಚ್ಚರಿಕೆಯನ್ನು ಕಲಿಯುವ ನಮ್ಮ ಮಕ್ಕಳು ಈ ಬಾಳನ್ನು ನೆನೆಯುವುದು ಉಚಿತ.