ಸೋದರತ್ತೆಯ ಪತ್ರ, ದಕ್ಷಿಣದ ಆಕಾಶ: ಜಾನ್ ಹರ್ಷೆಲ್

ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಹೆಸರನ್ನು ನಾವೆಲ್ಲ ಶಾಲೆಯಲ್ಲಿಯೇ ಕೇಳಿದ್ದೇವೆ. ಅವರ ಏಕಮಾತ್ರ ಪುತ್ರ ಜಾನ್ ಹರ್ಷೆಲ್ (1792–1871) ಸಹ ಖ್ಯಾತ ಖಗೋಳ ವಿಜ್ಞಾನಿ. ಅವರು ಬರೆದ ಹಾಗೂ ಅವರಿಗೆ ಬಂದ ಪತ್ರಗಳ ಪೈಕಿ 14,000ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಸೋದರತ್ತೆ ಕ್ಯಾರೊಲಿನ್ ಅವರೊಂದಿಗಿನ ಪತ್ರಗಳು ನಮ್ಮನ್ನು ವಿಶೇಷವಾಗಿ ಸೆಳೆಯುತ್ತವೆ.

ಅಣ್ಣನೊಡನೆ ದಶಕಗಳ ಕಾಲ ದುಡಿದು, ಎಂಟು ಧೂಮಕೇತುಗಳನ್ನು ಸ್ವತಃ ಗುರುತಿಸಿದ್ದ ಕ್ಯಾರೊಲಿನ್, 1822ರಲ್ಲಿ ಅಣ್ಣ ತೀರಿಕೊಂಡ ಬಳಿಕ ಇಂಗ್ಲೆಂಡನ್ನು ತೊರೆದು ತವರೂರಾದ ಜರ್ಮನಿಯ ಹ್ಯಾನೋವರ್‌ಗೆ ಹಿಂದಿರುಗಿದರು. ಅಲ್ಲಿಂದಲೇ ಸುಮಾರು 2,500 ನೀಹಾರಿಕೆ ಮತ್ತು ನಕ್ಷತ್ರಪುಂಜಗಳ ಪಟ್ಟಿಯನ್ನು ಸಿದ್ಧಪಡಿಸಿ ಜಾನ್‌ಗೆ ಒದಗಿಸಿದರು. ಅದರ ನೆರವಿನಿಂದ ಜಾನ್ ಉತ್ತರದ ಆಕಾಶವನ್ನು ಮರುಪರಿಶೀಲಿಸಿದರು.

ದಕ್ಷಿಣದ ಆಕಾಶದ ಬಹುಭಾಗ ಇಂಗ್ಲೆಂಡಿನಿಂದ ಕಾಣದು. ಆದ್ದರಿಂದ ಜಾನ್ 1833ರ ನವೆಂಬರ್‌ನಲ್ಲಿ ಸಂಸಾರ ಹಾಗೂ 20 ಅಡಿಯ ದೂರದರ್ಶಕದೊಂದಿಗೆ ಹಡಗೇರಿ, 1834ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ತಲುಪಿದರು. ಎಂಬತ್ತು ದಾಟಿದ್ದ ಸೋದರತ್ತೆ ಪತ್ರದಲ್ಲಿ ಕುಶಲ ವಿಚಾರಿಸಿ ಸುಮ್ಮನಾಗಲಿಲ್ಲ. ವೃಶ್ಚಿಕ ರಾಶಿಯಲ್ಲಿ ಅಣ್ಣ ಕಂಡಿದ್ದ, ನಕ್ಷತ್ರಗಳೇ ಇಲ್ಲದ ತಾಣವನ್ನು ಚೆನ್ನಾಗಿ ಪರಿಶೀಲಿಸಬೇಕೆಂದು ಒತ್ತಾಯಿಸಿದರು. ಜಾನ್ ನೋಡಿ, ಅಂತಹ ತಾಣಗಳು ಹಲವಿವೆಯೆಂದು ಉತ್ತರಿಸಿದರು. ಅವು ಬರಿದಾದ ತಾಣಗಳಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡಿರುವ ಧೂಳಿನ ಮೋಡಗಳು ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ದೃಢಪಟ್ಟಿತು.

ಜಾನ್ 1838ರಲ್ಲಿ ಹಿಂದಿರುಗಿದರು. ಕೇಪ್‌ನ ವೀಕ್ಷಣೆಗಳು ಗ್ರಂಥವಾಗಿ ಪ್ರಕಟವಾಗಲು 1847 ಬರಬೇಕಾಯಿತು. ಅದರ ಪ್ರತಿ 97 ವರ್ಷದ ಸೋದರತ್ತೆಯ ಕೈಸೇರಿತು. 1848ರ ಜನವರಿಯಲ್ಲಿ ಕ್ಯಾರೊಲಿನ್ ನಿಧನರಾದರು. ಅಣ್ಣನೊಡನೆ ಆರಂಭಿಸಿದ ಆಕಾಶದ ಸಮೀಕ್ಷೆಯನ್ನು ಅಣ್ಣನ ಮಗ ಪೂರ್ಣಗೊಳಿಸಿದುದನ್ನು ಕಂಡೇ ಅವರು ಕಣ್ಣು ಮುಚ್ಚಿದರೆಂಬುದು ನಮಗೆ ಸಮಾಧಾನ ತರುವ ಸಂಗತಿ.